ತೋಳ ಮರಳಿತು, ಕಾವಲು ಮರೆತಿತ್ತು

ಜರ್ಮನಿಯ 'ಕೊನೆಯ ತೋಳ' ಎನಿಸಿಕೊಂಡದ್ದನ್ನು 1904ರಲ್ಲಿ ಲೌಸಿಟ್ಜ್ ಸೀಮೆಯಲ್ಲಿ ಗುಂಡಿಟ್ಟು ಕೊಂದರು. ಅದೇ ಸೀಮೆಯ ಸೇನಾ ತರಬೇತಿ ಬಯಲಿನಲ್ಲಿ 2000ರಲ್ಲಿ ಮತ್ತೆ ತೋಳದ ಮರಿಗಳು ಹುಟ್ಟಿದವು. ಯಾರೂ ತಂದು ಬಿಟ್ಟದ್ದಲ್ಲ. ಪೋಲೆಂಡ್ ಕಡೆಯಿಂದ ತಾವೇ ನಡೆದು ಬಂದವು. ಈಗ ಜರ್ಮನಿಯಲ್ಲಿ ಇನ್ನೂರಕ್ಕೂ ಹೆಚ್ಚು ಗುಂಪುಗಳಿವೆ, ಎಷ್ಟೋ ಗುಂಪುಗಳು ಗೋಧಿ, ಮೆಕ್ಕೆಜೋಳದ ಹೊಲಗಳ ನಡುವೆಯೇ. ಅಂದರೆ ತೋಳಕ್ಕೆ ನಿರ್ಜನ ಕಾಡೇ ಆಗಬೇಕಿಲ್ಲ. ಬೇಟೆ ಸಿಕ್ಕಬೇಕು, ಮರಿ ಅಡಗಿಸಲು ತುಸು ಮರೆ ಬೇಕು.

ಹಾಗಾದರೆ ಕುರಿಗಳ ಗತಿ? ನ್ಯಾಯವಾದ ಪ್ರಶ್ನೆ. ಲೌಸಿಟ್ಜ್‌ನ ತೋಳಗಳ ಹಿಕ್ಕೆ ಪರೀಕ್ಷಿಸಿದಾಗ ಸಿಕ್ಕಿದ್ದು ಬಹುಪಾಲು ಜಿಂಕೆ, ಕಾಡುಹಂದಿ. ಸಾಕುಪ್ರಾಣಿಯ ಪಾಲು ಶೇ. 1ರಷ್ಟೂ ಇರಲಿಲ್ಲ. ಆದರೆ ಒಂದೇ ರಾತ್ರಿ ಹತ್ತು ಕುರಿ ಕಳೆದುಕೊಂಡವನ ಮುಂದೆ ಈ ಸರಾಸರಿ ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಕೊಲ್ಲಲು ಬಿಡಿ ಅನ್ನುವವರ ಮಾತಿಗೆ ಬಲ ಬಂದು, 2025ರಲ್ಲಿ ಯುರೋಪಿಯನ್ ಒಕ್ಕೂಟ ತೋಳದ ರಕ್ಷಣೆಯನ್ನು ಸಡಿಲಿಸಿತು. ಪದೇಪದೇ ಬೇಲಿ ಹಾರುವ ತೋಳವನ್ನು ಕೊಲ್ಲುವುದು ಸರಿ, ಒಪ್ಪೋಣ. ಆದರೆ ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ, ಕಾವಲಿಲ್ಲದ ದೊಡ್ಡಿ ಹಾಗೇ ಇರುತ್ತದೆ. ತೋಳವೇ ಇಲ್ಲದ ಸುಮಾರು ನೂರು ವರ್ಷ ಜರ್ಮನಿಯ ರೈತರಿಗೆ ಕಾವಲು ನಾಯಿಯ ಅಗತ್ಯವೇ ಬೀಳಲಿಲ್ಲ, ಕಾವಲು ಮರೆತೇ ಹೋಯಿತು. ಈಗ ವಿದ್ಯುತ್ ಬೇಲಿಗೆ ಸರ್ಕಾರ ಹಣ ಕೊಡುತ್ತಿದೆ. ನಮ್ಮ ಕೊಪ್ಪಳದ ಬಯಲಿನಲ್ಲಿ ಆ ಮರೆವು ಬರಲಿಲ್ಲ, ಯಾಕೆಂದರೆ ತೋಳ ಅಲ್ಲಿಂದ ಹೋಗಲೇ ಇಲ್ಲ. ಅಲ್ಲಿ ಕುರುಬರು ರಾತ್ರಿ ಹಿಂಡನ್ನು ಕೂಡಿಹಾಕಿ, ನಾಯಿಗಳ ಜೊತೆ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ.