ಪಾನಗೃಹದ ಪಂಥ, ಅಡುಗೆಮನೆಯ ಪ್ರಯೋಗ

ಲೋಟದ ಎತ್ತರ ಹೆಚ್ಚೋ, ಅದರ ಬಾಯಿಯ ಸುತ್ತಳತೆ ಹೆಚ್ಚೋ? ಇಂಗ್ಲೆಂಡಿನ ಪಬ್ಬುಗಳಲ್ಲಿ ಇದು ಬಹಳ ಹಳೆಯ ಪಂಥ. ಬಿಯರ್ ಕುಡಿಯುತ್ತ ಕುಳಿತ ಅಪರಿಚಿತನೊಬ್ಬನ ಮುಂದೆ ಉದ್ದನೆಯ ಪೈಂಟ್ ಲೋಟವನ್ನಿಟ್ಟು ಈ ಪ್ರಶ್ನೆ ಕೇಳುತ್ತಾರೆ. ಆತ ಲೋಟವನ್ನು ಮೇಲಿನಿಂದ ಕೆಳಕ್ಕೆ ನೋಡಿ, 'ಎತ್ತರವೇ ಹೆಚ್ಚು, ಇದರಲ್ಲಿ ಕೇಳುವುದೇನಿದೆ?' ಎನ್ನುತ್ತಾನೆ. ಪಂಥ ಹೂಡಿದವನು ಲೋಟದ ಕೆಳಗೆ ಒಂದು ಸಿಗರೇಟು ಪೊಟ್ಟಣ ಇಡುತ್ತಾನೆ. 'ಈಗ?' ಮತ್ತೊಂದು ಪೊಟ್ಟಣ. 'ಈಗಲೂ ಸುತ್ತಳತೆಯೇ ಹೆಚ್ಚು ಎನ್ನುತ್ತೇನೆ, ಪಂಥ ಕಟ್ಟುವೆಯಾ?' ಕಟ್ಟಿದವನು ಸೋಲುತ್ತಾನೆ. ಒಂದು ದಾರದ ತುಂಡಿನಿಂದ ಅಳೆದರೆ ಮುಗಿಯಿತು.

ಮಕ್ಕಳು ಓದುವ ಪುಟದಲ್ಲಿ ಬಾರಿನ ಮಾತೇಕೆ ಎಂದು ಪಾಲಕರು ಹುಬ್ಬು ಗಂಟಿಕ್ಕಬೇಕಿಲ್ಲ. ಈ ಆಟಗಳಲ್ಲಿ ಕುಡಿಯುವುದೇ ಅಗತ್ಯವಿಲ್ಲದ ಭಾಗ. ಲೋಟ, ನೀರು, ಕಡ್ಡಿ, ದಾರ ಇದ್ದರೆ ಸಾಕು. ಹೊತ್ತು ಕಳೆಯಲು ಕುಳಿತವರು ಮೇಜಿನ ಮೇಲಿದ್ದ ವಸ್ತುಗಳಿಂದಲೇ ಕಟ್ಟಿದ ಈ ಚಮತ್ಕಾರಗಳು ಹೈಸ್ಕೂಲಿನ ಭೌತವಿಜ್ಞಾನದ ಪಾಠಗಳಿಗೆ ಎಷ್ಟು ಹತ್ತಿರ ಎಂದರೆ, ಕೆಲವನ್ನು ಪಠ್ಯಪುಸ್ತಕಕ್ಕೇ ಸೇರಿಸಬಹುದಿತ್ತು.

ಮನೆಯ ಸ್ಟೀಲ್ ಲೋಟವನ್ನೇ ತೆಗೆದುಕೊಳ್ಳಿ. ಬಾಯಿಯ ವ್ಯಾಸ 7 ಸೆಂ.ಮೀ., ಎತ್ತರ 11 ಸೆಂ.ಮೀ. ಇದೆ ಎನ್ನೋಣ. ಸುತ್ತಳತೆ ಎಷ್ಟು? ವ್ಯಾಸವನ್ನು 22/7ರಿಂದ ಗುಣಿಸಿದರೆ 22 ಸೆಂ.ಮೀ. ಅಂದರೆ ಅಂಥ ಎರಡು ಲೋಟಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು! 'ಪೈ' ಬೆಲೆ 3.1416 ಎಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದ. ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ, ಆದರೆ ದಿನಾ ಕಾಫಿ ಕುಡಿಯುವ ಲೋಟದ ಸುತ್ತಳತೆ ಕೇಳಿದರೆ ತಡವರಿಸುತ್ತಾರೆ. ತಪ್ಪು ಅವರದೊಂದೇ ಅಲ್ಲ, ಕಣ್ಣಿನದೂ ಹೌದು. ಒಂದೇ ಉದ್ದದ ಎರಡು ಗೆರೆಗಳಲ್ಲಿ ಲಂಬವಾಗಿ ನಿಂತದ್ದು ಅಡ್ಡ ಮಲಗಿದ್ದಕ್ಕಿಂತ ಉದ್ದವಾಗಿ ಕಾಣುತ್ತದೆ. ಜೊತೆಗೆ, ಲೋಟದ ಬಾಯಿಯ ಆಚೆಯ ಅರ್ಧ ಸುತ್ತು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಶಂಕುವಿನ ಆಕಾರದ ಪಾನಪಾತ್ರೆಗಳದು ಇನ್ನೂ ದೊಡ್ಡ ಮೋಸ. ಕಾಗದದ ಪೊಟ್ಟಣ ಕಟ್ಟುವಂತೆ ಗಟ್ಟಿ ಹಾಳೆಯೊಂದನ್ನು ಸುತ್ತಿ, ತುದಿಗೆ ಮೇಣ ಹಚ್ಚಿ, 10 ಸೆಂ.ಮೀ. ಆಳದ ಶಂಕು ಮಾಡಿ. ನೀರಿನ ಬದಲು ಸಕ್ಕರೆ ಅಥವಾ ರವೆ ತುಂಬಿದರೂ ಆದೀತು. 5 ಸೆಂ.ಮೀ. ತನಕ ತುಂಬಿದರೆ ಅರ್ಧ ತುಂಬಿದಂತೆಯೇ ಕಾಣುತ್ತದೆ. ಅಳೆದು ನೋಡಿದರೆ ಎಂಟನೇ ಒಂದು ಭಾಗ ಮಾತ್ರ! ಆಳ ಅರ್ಧವಾದಾಗ ಅಗಲವೂ ಎರಡೂ ದಿಕ್ಕಿನಲ್ಲಿ ಅರ್ಧವಾಗುವುದರಿಂದ ಅರ್ಧದ ಅರ್ಧದ ಅರ್ಧ. ನಿಜವಾಗಿ ಅರ್ಧ ತುಂಬಬೇಕಾದರೆ ಸುಮಾರು 8 ಸೆಂ.ಮೀ.ವರೆಗೆ ಹೋಗಬೇಕು. ಕಣ್ಣಳತೆಯನ್ನು ನಂಬಲಾಗದ್ದರಿಂದಲೇ ಬಾರುಗಳಲ್ಲಿ 30 ಮತ್ತು 60 ಮಿ.ಲೀ.ಗಳ 'ಪೆಗ್' ಅಳತೆ ಪಾತ್ರೆ ಇರುವುದು.

ಜಾಗ ಬದಲಿಸುವ ದ್ರವಗಳು

ಇನ್ನೊಂದು ಪ್ರಸಿದ್ಧ ಪಂಥ ಹೀಗಿದೆ: ಒಂದೇ ಅಳತೆಯ ಎರಡು ಪುಟ್ಟ ಗಾಜಿನ ಲೋಟಗಳು, ಒಂದರಲ್ಲಿ ವಿಸ್ಕಿ, ಇನ್ನೊಂದರಲ್ಲಿ ನೀರು. ಮೂರನೆಯ ಪಾತ್ರೆ ಬಳಸದೆ ಅವುಗಳ ಜಾಗ ಅದಲು ಬದಲು ಮಾಡಬೇಕು. ನೀರಿನ ಲೋಟದ ಬಾಯಿಗೆ ಒಂದು ಕಾರ್ಡು ಮುಚ್ಚಿ, ತಲೆಕೆಳಗು ಮಾಡಿ, ವಿಸ್ಕಿಯ ಲೋಟದ ಮೇಲೆ ಬಾಯಿಗೆ ಬಾಯಿ ಕೂರಿಸುತ್ತಾರೆ. ಕಾರ್ಡನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು. ನೀರು ಕೆಳಗಿಳಿಯುತ್ತದೆ, ವಿಸ್ಕಿ ಮೇಲೇರುತ್ತದೆ. ಆಲ್ಕೊಹಾಲಿನ ಸಾಂದ್ರತೆ ನೀರಿನದಕ್ಕಿಂತ ಕಡಿಮೆ, ಪ್ರತಿ ಮಿ.ಲೀ.ಗೆ ಸುಮಾರು 0.79 ಗ್ರಾಂ. ನೀರು ಬೆರೆತ ವಿಸ್ಕಿಯದು ಸುಮಾರು 0.95. ವ್ಯತ್ಯಾಸ ಸಣ್ಣದೇ, ಆದರೆ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಲು ಅಷ್ಟು ಸಾಕು.

ಮನೆಯಲ್ಲಿ ವಿಸ್ಕಿಯ ಜಾಗದಲ್ಲಿ ಕಡಲೆಕಾಯಿ ಎಣ್ಣೆ ಇರಲಿ. ಅದರ ಸಾಂದ್ರತೆ ಸುಮಾರು 0.92. ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲವಾದ್ದರಿಂದ ಆಟ ಬಾರಿನಲ್ಲಿ ಆಗುವುದಕ್ಕಿಂತ ಚೊಕ್ಕಟವಾಗಿ ಆಗುತ್ತದೆ. ನೀರಿಗೆ ಒಂದು ಹನಿ ಶಾಯಿ ಹಾಕಿ. ಎರಡೂ ಲೋಟ ತುಳುಕುವಷ್ಟು ತುಂಬಿರಬೇಕು, ಕೆಳಗೊಂದು ತಟ್ಟೆ ಇರಬೇಕು. ಕಾರ್ಡು ಸರಿಸಿದ ಕೂಡಲೇ ನೀಲಿ ಎಳೆ ಕೆಳಗೆ, ಹೊಂಬಣ್ಣದ ಗುಳ್ಳೆಗಳು ಮೇಲೆ. ನೋಡಲು ಸೊಗಸು. ಅಮ್ಮನ ಅಪ್ಪಣೆ ಪಡೆದೇ ಎಣ್ಣೆ ಮುಟ್ಟಿ. ಮುಗಿದ ಮೇಲೆ ಆ ಎಣ್ಣೆಯನ್ನು ಒಗ್ಗರಣೆಗೆ ಇಡಬೇಡಿ, ನೀರಿನಂಶ ಉಳಿದಿದ್ದರೆ ಚಟಪಟ ಸಿಡಿಯುತ್ತದೆ.

ಎರಡು ಫೋರ್ಕುಗಳ ಹಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿ, ನಡುವೆ ಹಲ್ಲುಕಡ್ಡಿ ತೂರಿಸಿ, ಕಡ್ಡಿಯ ತುದಿಯನ್ನು ಲೋಟದ ಅಂಚಿಗಿಟ್ಟರೆ ಇಡೀ ಜೋಡಿ ಗಾಳಿಯಲ್ಲಿ ತೂಗಿ ನಿಲ್ಲುತ್ತದೆ. ಫೋರ್ಕಿನ ಹಿಡಿಗಳು ಲೋಟದ ಕಡೆಗೆ ಬಾಗಿರುವುದರಿಂದ ಗುರುತ್ವಕೇಂದ್ರ ಆಧಾರಬಿಂದುವಿನ ನೇರ ಕೆಳಗೆ ಬಂದಿರುತ್ತದೆ. ಇದು ಬಹಳ ಮಂದಿಗೆ ಗೊತ್ತಿರುವ ಆಟ.

ಪೈಥಾಗೊರಸನ ಬಟ್ಟಲು, ವಸುದೇವನ ಬಟ್ಟಲು

ಎಲ್ಲಕ್ಕಿಂತ ಸ್ವಾರಸ್ಯದ್ದು ಗ್ರೀಸಿನ ಸಾಮೊಸ್ ದ್ವೀಪದ ಬಟ್ಟಲು. ಪೈಥಾಗೊರಸ್ ಹುಟ್ಟಿದ ದ್ವೀಪ ಅದು. ಅಲ್ಲಿಗೆ ಹೋದ ಪ್ರವಾಸಿಗರು ಇಂದಿಗೂ ಮಣ್ಣಿನ ಈ ಬಟ್ಟಲನ್ನು ನೆನಪಿಗೆಂದು ಕೊಂಡು ತರುತ್ತಾರೆ. ನಡುವೆ ಒಂದು ಪುಟ್ಟ ಕಂಬ, ಒಳಗೆ ಒಂದು ಗೆರೆ. ಗೆರೆಯವರೆಗೆ ದ್ರಾಕ್ಷಾರಸ ಸುರಿದುಕೊಂಡವನು ನೆಮ್ಮದಿಯಾಗಿ ಕುಡಿಯಬಹುದು. ಇನ್ನೊಂದಿಷ್ಟು ಇರಲಿ ಎಂದು ಗೆರೆ ದಾಟಿಸಿದರೆ ಹೆಚ್ಚಾದದ್ದು ಮಾತ್ರವಲ್ಲ, ಬಟ್ಟಲಿನಲ್ಲಿದ್ದದ್ದೆಲ್ಲ ಬುಡದ ತೂತಿನಿಂದ ಸೋರಿ ತೊಡೆಯ ಮೇಲೆ! ಕುಡುಕರಿಗೆ ಮಿತಿ ಕಲಿಸಲು ಪೈಥಾಗೊರಸನೇ ಇದನ್ನು ಮಾಡಿದ ಎಂಬುದು ಕಥೆ. ಅದರಲ್ಲಿನ ಯುಕ್ತಿ ಮಾತ್ರ ಕಥೆಯಲ್ಲ.

ನಮ್ಮ ದೇಶದಲ್ಲಿ ಇದೇ ಯುಕ್ತಿ ಭಕ್ತಿಯ ವೇಷ ತೊಟ್ಟಿದೆ. ಹಿತ್ತಾಳೆಯ ಬಟ್ಟಲಿನ ನಡುವೆ ಶಿಶು ಕೃಷ್ಣನನ್ನು ಹೊತ್ತ ವಸುದೇವ. ನೀರು ಸುರಿಯುತ್ತ ಹೋದಂತೆ ಯಮುನೆ ಏರುತ್ತಾಳೆ. ಮೊಣಕಾಲು, ಸೊಂಟ, ಎದೆ. ಕೃಷ್ಣನ ಪಾದ ಸೋಕಿದ್ದೇ ತಡ, ನೀರೆಲ್ಲ ಇಳಿದು ದಾರಿ ಬಿಡುತ್ತದೆ. ಅಲ್ಲಿ ಕುಡುಕನಿಗೆ ಪಾಠ, ಇಲ್ಲಿ ಪುರಾಣದ ಪ್ರಸಂಗ. ಒಳಗಿರುವುದು ಮಾತ್ರ ಎರಡರಲ್ಲೂ ಒಂದೇ ಬಾಗಿದ ಕೊಳವೆ.

ಇದಕ್ಕೆ ಸೈಫನ್ ಎಂದು ಹೆಸರು. ಕಂಬದೊಳಗೆ ತಲೆಕೆಳಗಾದ 'ಯು' ಆಕಾರದ ಕೊಳವೆ ಇದೆ. ಅದರ ಗಿಡ್ಡ ತೋಳು ಬಟ್ಟಲಿನ ತಳದ ಹತ್ತಿರ ತೆರೆದಿರುತ್ತದೆ, ಉದ್ದ ತೋಳು ಬುಡ ದಾಟಿ ಹೊರಗೆ. ನೀರು ಏರಿದಂತೆಲ್ಲ ಗಿಡ್ಡ ತೋಳಿನಲ್ಲೂ ಅಷ್ಟೇ ಎತ್ತರಕ್ಕೆ ಏರುತ್ತದೆ. ಮಟ್ಟ ಕೊಳವೆಯ ಬಾಗನ್ನು ದಾಟುವವರೆಗೆ ಏನೂ ಆಗದು. ದಾಟಿದ ಕ್ಷಣ ನೀರು ಉದ್ದ ತೋಳಿಗೆ ಉರುಳುತ್ತದೆ. ಅಲ್ಲಿನ ನೀರಿನ ಕಂಬ ಹೆಚ್ಚು ಉದ್ದ, ಹೆಚ್ಚು ಭಾರ. ಅದು ಕೆಳಗಿಳಿಯುವಾಗ ಬಾಗಿನ ಬಳಿ ಒತ್ತಡ ಕುಗ್ಗುತ್ತದೆ, ಹೊರಗಿನ ವಾಯುಭಾರ ಬಟ್ಟಲಿನ ನೀರನ್ನು ಗಿಡ್ಡ ತೋಳಿನೊಳಕ್ಕೆ ದೂಡುತ್ತದೆ. ಗಿಡ್ಡ ತೋಳಿನ ಬಾಯಿ ಬರಿದಾಗಿ ಗಾಳಿ ನುಗ್ಗುವವರೆಗೆ ಈ ಹರಿವು ನಿಲ್ಲುವುದಿಲ್ಲ.

ಮಾಡಿ ನೋಡಲು ಒಂದು ಸಂಜೆ ಸಾಕು. ನೀರಿನ ಬಾಟಲಿಯ ಕೆಳಗಿನ ಅರ್ಧ ಕತ್ತರಿಸಿಕೊಳ್ಳಿ. ತಳದ ನಡುವೆ ಕಾಯಿಸಿದ ಮೊಳೆಯಿಂದ ತೂತು. ಇದು ಹಿರಿಯರ ಕೆಲಸ, ಮಕ್ಕಳದಲ್ಲ. ಹಿಂದೆ ಜ್ಯೂಸ್ ಅಂಗಡಿಯ ಬಗ್ಗುವ ಪ್ಲಾಸ್ಟಿಕ್ ಸ್ಟ್ರಾ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 2022ರ ಜುಲೈಯಿಂದ ಅದಕ್ಕೆ ನಿಷೇಧ ಬಂದಿದೆ, ಕಾಗದದ ಸ್ಟ್ರಾ ನೆನೆದು ಮೆತ್ತಗಾಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಳಿಯ ಸಣ್ಣ ಕೊಳವೆ ಒಂದಡಿ ತನ್ನಿ. ಅದನ್ನು ತೂತಿನಿಂದ ಒಳಕ್ಕೆ ತೂರಿಸಿ, ಮೇಲೆ ಬಾಗಿಸಿ, ತುದಿ ತಳದಿಂದ ಅರ್ಧ ಸೆಂ.ಮೀ. ಮೇಲಿರುವಂತೆ ದಾರದಿಂದ ಕಟ್ಟಿ. ಬಾಗು ಬಾಟಲಿಯ ಬಾಯಿಗಿಂತ ಕೆಳಗೇ ಇರಲಿ. ತೂತಿನ ಸುತ್ತ ಎಂ-ಸೀಲ್ ಮೆತ್ತಿ ಒಣಗಲು ಬಿಡಿ. ಹೊರಗಿನ ತೋಳು ಸಾಕಷ್ಟು ಉದ್ದ ಇರಲಿ.

ಮೊದಲ ಸಲಕ್ಕೇ ಆಗದಿದ್ದರೆ ಎರಡು ಕಡೆ ಪರೀಕ್ಷಿಸಿ. ಕೊಳವೆ ಬಾಗಿನಲ್ಲಿ ಮಡಿಸಿಕೊಂಡಿದ್ದರೆ ನೀರು ದಾಟದು. ಕೊಳವೆ ದಪ್ಪವಿದ್ದು ನೀರು ತೀರ ನಿಧಾನವಾಗಿ ಬೀಳುತ್ತಿದ್ದರೆ, ಅದು ಬಾಗಿನ ಮೇಲೆ ಎಳೆಯಾಗಿ ಜಾರಿ ಸೋರುತ್ತದೆಯೇ ಹೊರತು ಕೊಳವೆಯನ್ನು ತುಂಬುವುದಿಲ್ಲ, ಸೈಫನ್ ಶುರುವೇ ಆಗದು. ಸರಿಹೋದ ಮೇಲೆ ಬಟ್ಟಲನ್ನು ಸಣ್ಣಗೆ ಹರಿಯುವ ನಲ್ಲಿಯ ಕೆಳಗಿಡಿ. ತುಂಬುವುದು, ಬರಿದಾಗುವುದು, ಮತ್ತೆ ತುಂಬುವುದು, ಯಾರೂ ಮುಟ್ಟದೆ ನಡೆಯುತ್ತಲೇ ಇರುತ್ತದೆ. ಕಾಲೇಜಿನ ರಸಾಯನ ಪ್ರಯೋಗಾಲಯದ ಸಾಕ್ಸ್‌ಲೆಟ್ ಉಪಕರಣ ಇದೇ ಬಗೆಯಲ್ಲಿ ತನ್ನಷ್ಟಕ್ಕೆ ಬರಿದಾಗುತ್ತದೆ. ಬಟ್ಟೆ ಒಗೆಯುವ ಯಂತ್ರದಲ್ಲಿ ಬಟ್ಟೆ ಮೆದುಗೊಳಿಸುವ ದ್ರವ ಹಾಕುವ ಪೆಟ್ಟಿಗೆಯಲ್ಲೂ ಸೈಫನ್ ಇದೆ. ಅಲ್ಲೂ ಒಂದು ಗೆರೆ ಇರುತ್ತದೆ, ದಾಟಿಸಬಾರದು ಎಂದು. ಯಾಕೆ ಎಂದು ಈಗ ಹೊಳೆದೀತು.

ನೀರು ಕುಡಿಯುವ ಹಕ್ಕಿ

ಬಾರಿನ ಕಟ್ಟೆಯ ಮೇಲೆ ಲೋಟಕ್ಕೆ ಕೊಕ್ಕು ಅದ್ದುತ್ತ ತೂಗಾಡುವ ಗಾಜಿನ ಹಕ್ಕಿಯನ್ನು ಸಿನಿಮಾಗಳಲ್ಲಿ ನೋಡಿರಬಹುದು. ಅಮೆರಿಕದ ಬೆಲ್ ಲ್ಯಾಬ್ಸ್ ವಿಜ್ಞಾನಿ ಮೈಲ್ಸ್ ಸಲಿವನ್ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹಕ್ಕಿಯ ಹೊಟ್ಟೆಯಲ್ಲಿರುವ ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ. ಒದ್ದೆ ತಲೆಯಿಂದ ನೀರು ಆವಿಯಾಗುವಾಗ ತಲೆ ತಣಿಯುತ್ತದೆ, ಒಳಗಿನ ಆವಿ ದ್ರವವಾಗುತ್ತದೆ, ಅಲ್ಲಿ ಒತ್ತಡ ಇಳಿದು ಹೊಟ್ಟೆಯ ದ್ರವ ಕತ್ತಿನೊಳಗೆ ಏರುತ್ತದೆ. ತಲೆ ಭಾರವಾಗಿ ಹಕ್ಕಿ ಬಾಗುತ್ತದೆ. ಬಾಗಿದಾಗ ಕೊಳವೆಯ ಕೆಳತುದಿ ತೆರೆದುಕೊಂಡು ದ್ರವ ಹಿಂದಿರುಗುತ್ತದೆ. ಒಣ ಹವೆಯ ಕಲಬುರಗಿಯ ಬೇಸಿಗೆಯಲ್ಲಿ ಇದು ಚುರುಕು, ಮಂಗಳೂರಿನ ಮಳೆಗಾಲದಲ್ಲಿ ಸೋಮಾರಿ. ನೀರಿಗಿಂತ ಬೇಗ ಆವಿಯಾಗುವ ಮದ್ಯವಿಟ್ಟರೆ ಇನ್ನೂ ಚುರುಕು. ಮನೆಯಲ್ಲಿ ಮಾಡುವಂಥದ್ದಲ್ಲ. ಗಾಜು ಒಡೆದರೆ ಒಳಗಿನ ದ್ರವ ವಿಷ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಊದಿದರೆ ಹೇಳುವ ಯಂತ್ರ

ಆಟ ಬಿಟ್ಟು ಈಗ ಉಪಕರಣಕ್ಕೆ ಬರೋಣ. ರಸ್ತೆಯಲ್ಲಿ ಪೊಲೀಸರು ಊದಿಸುವ ಯಂತ್ರದ ಹಿರಿಯಣ್ಣನನ್ನು ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದರು. ಉಸಿರಿನ ಆಲ್ಕೊಹಾಲು ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟನ್ನು ಆಮ್ಲದಲ್ಲಿ ಹಸಿರಾಗಿಸುತ್ತದೆ. ಎಷ್ಟು ಬಣ್ಣ ಬದಲಾಯಿತೋ ಅಷ್ಟು ಆಲ್ಕೊಹಾಲು. ಈ ರಾಸಾಯನಿಕ ವಿಷಕಾರಿ, ಶಿಕ್ಷಕರ ಕಣ್ಣೆದುರು ಪ್ರಯೋಗಶಾಲೆಯಲ್ಲಿ ಮಾತ್ರ ಮುಟ್ಟತಕ್ಕದ್ದು. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ಇಂಧನಕೋಶ ಇರುತ್ತದೆ. ಆಲ್ಕೊಹಾಲು ಪ್ಲಾಟಿನಂ ಫಲಕದ ಮೇಲೆ ಉತ್ಕರ್ಷಣಗೊಂಡಾಗ ಹುಟ್ಟುವ ವಿದ್ಯುತ್ತನ್ನು ಅದು ಅಳೆಯುತ್ತದೆ.

ಏಲಕ್ಕಿ ಜಗಿದರೆ, ಈರುಳ್ಳಿ ತಿಂದರೆ, ಪಾನ್ ಹಾಕಿಕೊಂಡರೆ ಯಂತ್ರ ಮೋಸ ಹೋಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಯಂತ್ರ ವಾಸನೆ ನೋಡುವುದಿಲ್ಲ. ಅದಕ್ಕೆ ಬೇಕಾದುದು ಬಾಯಿಯ ಗಾಳಿಯೂ ಅಲ್ಲ, ಉಸಿರಿನ ಕೊನೆಯಲ್ಲಿ ಬರುವ ಶ್ವಾಸಕೋಶದ ಆಳದ ಗಾಳಿ. ಅಲ್ಲಿ ರಕ್ತದಿಂದ ಆಲ್ಕೊಹಾಲು ಆವಿಯಾಗಿ ಹೊರಬರುತ್ತಿರುತ್ತದೆ. ಸುಮಾರು 2100 ಮಿ.ಲೀ. ಉಸಿರಿನಲ್ಲಿರುವಷ್ಟು ಆಲ್ಕೊಹಾಲು 1 ಮಿ.ಲೀ. ರಕ್ತದಲ್ಲಿದೆ ಎಂಬ ಲೆಕ್ಕದ ಮೇಲೆ ಯಂತ್ರ ಅಂಕಿ ತೋರಿಸುತ್ತದೆ. ಆಲ್ಕೊಹಾಲು ಇರುವ ಮೌತ್‌ವಾಶ್ ಬಳಸಿದ ಕೂಡಲೇ ಊದಿದರೆ ಅಂಕಿ ಇಳಿಯುವ ಬದಲು ಏರುತ್ತದೆ!

ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ. ಇನ್ನು ಕಪ್ಪು ಕಾಫಿ, ನಿಂಬೆರಸ, ತಣ್ಣೀರಿನ ಸ್ನಾನ? ನಿದ್ದೆಗಣ್ಣು ಬಿಟ್ಟೀತು, ಆಲ್ಕೊಹಾಲು ಬಿಡದು. ಅದನ್ನು ಕರಗಿಸುವ ಯಕೃತ್ತು ತನ್ನದೇ ವೇಗದಲ್ಲಿ ಕೆಲಸ ಮಾಡುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದರೂ ಸರಾಸರಿ ಗಂಟೆಗೆ 15 ಮಿ.ಗ್ರಾಂ. ಅಷ್ಟೆ.

ಮಕ್ಕಳು ಅಪ್ಪನ ಪಕ್ಕ ಕುಳಿತು ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಮದುವೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಗೆಳೆಯರ ಕೂಟ ಮುಗಿಸಿದ ಒಬ್ಬರ ರಕ್ತದಲ್ಲಿ 90 ಮಿ.ಗ್ರಾಂ. ಇದೆ. ಅವರು 30ಕ್ಕೆ ಇಳಿಯುವುದು ಎಷ್ಟು ಹೊತ್ತಿಗೆ? 60ನ್ನು 15ರಿಂದ ಭಾಗಿಸಿದರೆ 4 ಗಂಟೆ, ಅಂದರೆ ನಡುರಾತ್ರಿ ದಾಟಿ ಎರಡಕ್ಕೆ. ಪೂರ್ತಿ ಸೊನ್ನೆಯಾಗುವಾಗ ಬೆಳಗಿನ ನಾಲ್ಕು. ಅವರ ಬೈಕಿನ ಕೀಲಿ ಅಷ್ಟು ಹೊತ್ತು ಯಾರ ಜೇಬಿನಲ್ಲಿರಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಲಿ.