ಹೆಂಚಿನ ಮನೆ ಹೇಳುವ ಶಕ್ತಿಪಾಠ

ವಿದ್ಯುತ್ತಿನ ನಿಜವಾದ ಬೆಲೆ ಏನೆಂಬುದನ್ನು ಸಾಗರ, ಹೊಸನಗರ ತಾಲ್ಲೂಕುಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಗದ್ದೆ, ತೋಟ, ಮನೆ, ಗುಡಿಗಳು ನೀರಿನಡಿ ಸೇರಿದವು. ಹಿನ್ನೀರು ಆವರಿಸಿದ ಪ್ರದೇಶ 300 ಚದರ ಕಿಲೋಮೀಟರಿಗೂ ಹೆಚ್ಚು. ಮುಂದೆ ವಾರಾಹಿ ಯೋಜನೆಗಾಗಿ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಮತ್ತೊಂದು ಅಣೆಕಟ್ಟು ಬಂತು. ನಾಡಿಗೆಲ್ಲ ಬೆಳಕು ಕೊಟ್ಟವರ ಮನೆಗಳಿಗೆ ವಿದ್ಯುತ್ ಕಂಬ ತಲುಪಲು ಎಷ್ಟೋ ವರ್ಷಗಳು ಹಿಡಿದವು.

ಇಂಥ ಸೀಮೆಯಲ್ಲೇ ಇಂದು ಏಳುತ್ತಿರುವ ಹೊಸ ಮನೆಗಳು ಹಳೆಯ ಮನೆಗಳಿಗಿಂತ ಹೆಚ್ಚು ವಿದ್ಯುತ್ ಬೇಡುತ್ತಿವೆ. ಫ್ಯಾನು ಕಾಣದೆ ನೂರು ವರ್ಷ ಬಾಳಿದ ಹೆಂಚಿನ ಮನೆಯ ಪಕ್ಕದಲ್ಲೇ ಹಗಲು ರಾತ್ರಿ ಫ್ಯಾನು ತಿರುಗಿದರೂ ತಣಿಯದ ತಾರಸಿ ಮನೆ ನಿಂತಿದೆ. ಇದು ಏಕೆ ಹೀಗೆ? ಉತ್ತರ ಪ್ರೌಢಶಾಲೆಯ ವಿಜ್ಞಾನ ಪಠ್ಯಪುಸ್ತಕದಲ್ಲೇ ಇದೆ.

ನೀರಿನ ಕರೆಂಟಿಗೆ ಹೊಗೆ ಎಲ್ಲಿಯದು?

ಮಲೆನಾಡಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: 'ನಮ್ಮದು ಜೋಗದ ಕರೆಂಟು, ನೀರಿನಿಂದ ಆಗುವಂಥದ್ದು, ಇದರಿಂದ ಎಂಥ ಮಾಲಿನ್ಯ?' ಮಾತು ಅರ್ಧ ನಿಜ. 1948ರಲ್ಲಿ ಜೋಗದಲ್ಲಿ ಉತ್ಪಾದನೆ ಆರಂಭವಾದ ಕಾಲದಲ್ಲಿ ಈ ಲೆಕ್ಕ ಸರಿಯಿತ್ತು. ಈಗ ದೇಶದ ಎಲ್ಲ ವಿದ್ಯುತ್ ಕೇಂದ್ರಗಳೂ ಒಂದೇ ಜಾಲಕ್ಕೆ ಸೇರಿವೆ. ಶರಾವತಿಯ 1,035 ಮೆಗಾವಾಟ್ ಸಾಮರ್ಥ್ಯದ ಕೇಂದ್ರವೂ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಕೇಂದ್ರಗಳೂ ಬಯಲುಸೀಮೆಯ ಗಾಳಿಗಿರಣಿ, ಸೌರಫಲಕಗಳೂ ವಿದ್ಯುತ್ತನ್ನು ಸುರಿಯುವುದು ಒಂದೇ ಕೆರೆಗೆ. ತೀರ್ಥಹಳ್ಳಿಯಲ್ಲಿ ಒಂದು ಯೂನಿಟ್ ಉಳಿದರೆ ಶರಾವತಿಯ ನೀರು ಅಷ್ಟರಮಟ್ಟಿಗೆ ಉಳಿಯುತ್ತದೆ, ಇಲ್ಲವೇ ಬೇರೆಲ್ಲೋ ಕಲ್ಲಿದ್ದಲು ಉರಿಯುವುದು ತಪ್ಪುತ್ತದೆ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಹಳ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಇಂಗಾಲದ ಲೆಕ್ಕ ಸೊನ್ನೆಯಾಗುವುದಿಲ್ಲ. ಮೀಟರು ತಿರುಗಿದಷ್ಟೂ ಎಲ್ಲೋ ಒಂದು ಕಡೆ ನೀರು ಇಳಿಯುತ್ತದೆ ಅಥವಾ ಹೊಗೆ ಏಳುತ್ತದೆ.

ಮನೆಗೆ ಎರಡು ಖಾತೆ

ಪ್ರಪಂಚದಲ್ಲಿ ಶಕ್ತಿಯ ಬಳಕೆಯಿಂದ ಹೊರಬೀಳುವ ಇಂಗಾಲದ ಡೈ ಆಕ್ಸೈಡಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರುವುದು ಕಟ್ಟಡಗಳಿಂದ ಮತ್ತು ಅವುಗಳ ನಿರ್ಮಾಣದಿಂದ. ಮನೆಯ ಇಂಗಾಲಕ್ಕೆ ಎರಡು ಖಾತೆಗಳಿವೆ. ಮೊದಲನೆಯದು ಕಟ್ಟುವಾಗಿನ ಖರ್ಚು, ಎರಡನೆಯದು ಬಾಳುವಾಗಿನ ಖರ್ಚು.

ಕಟ್ಟುವಾಗಿನ ಖಾತೆಯಲ್ಲಿ ದೊಡ್ಡ ಬಾಬ್ತು ಸಿಮೆಂಟು. ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಸುಣ್ಣದಕಲ್ಲನ್ನು ಕಾಯಿಸಿದರೆ 56 ಗ್ರಾಂ ಸುಣ್ಣ ಉಳಿದು 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ. ಇದು ರಸಾಯನಶಾಸ್ತ್ರದ ಮಾತು, ಎಷ್ಟೇ ಒಳ್ಳೆಯ ಗೂಡು ಕಟ್ಟಿದರೂ ತಪ್ಪಿಸಲಾಗದು. ಗೂಡಿನ ಉರುವಲಿನ ಹೊಗೆ ಇದರ ಮೇಲಿನ ಲೆಕ್ಕ. ಸಿಮೆಂಟಿನ ಬಗೆಯನ್ನು ಅವಲಂಬಿಸಿ ಒಂದು ಟನ್ನಿಗೆ 600ರಿಂದ 900 ಕೆ.ಜಿ.ವರೆಗೆ ಇಂಗಾಲದ ಡೈ ಆಕ್ಸೈಡ್ ಏಳುತ್ತದೆ.

ಸಾವಿರ ಚದರ ಅಡಿಯ, ಐದು ಅಂಗುಲ ದಪ್ಪದ ತಾರಸಿಗೆ ಸುಮಾರು 75 ಮೂಟೆ ಸಿಮೆಂಟು ಬೇಕು ಎಂದಿಟ್ಟುಕೊಳ್ಳಿ. ಅದು 3.75 ಟನ್. ಕಡಿಮೆ ಲೆಕ್ಕ ಹಿಡಿದರೂ ತಾರಸಿಯ ಸಿಮೆಂಟಿನಿಂದಲೇ ಎರಡೂಕಾಲು ಟನ್ ಇಂಗಾಲದ ಡೈ ಆಕ್ಸೈಡ್. ಕಬ್ಬಿಣದ್ದು ಬೇರೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯೊಂದು ಇಷ್ಟು ಇಂಗಾಲಕ್ಕೆ ಕಾರಣವಾಗಲು ಎರಡೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಗೃಹಪ್ರವೇಶದ ದಿನವೇ ಮನೆ ಇಷ್ಟು ಸಾಲ ಹೊತ್ತಿರುತ್ತದೆ!

ಹಳೆಯ ಮನೆಯ ಭೌತಶಾಸ್ತ್ರ

ಈ ಎರಡೂ ಖಾತೆಗಳಲ್ಲಿ ಮಲೆನಾಡಿನ ಹಳೆಯ ಮನೆಯ ಖರ್ಚು ಕಡಿಮೆ. ಗೋಡೆಗೆ ಅಲ್ಲಿಯದೇ ಮಣ್ಣು ಅಥವಾ ನೆಲದಿಂದ ಕೊಯ್ದು ತೆಗೆದ ಜಂಬಿಟ್ಟಿಗೆ. ಎರಡಕ್ಕೂ ಭಟ್ಟಿಯ ಬೆಂಕಿ ಬೇಡ. ಮರ ಸುತ್ತಲಿನ ಕಾಡಿನದು. ಬೆಂಕಿಯಲ್ಲಿ ಬೆಂದದ್ದು ಹೆಂಚು ಮಾತ್ರ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಘಟ್ಟ ಹತ್ತಿತು. ಒಡೆಯದಿದ್ದರೆ ಒಂದೇ ಹೆಂಚು ಮೂರು ತಲೆಮಾರು ಬಾಳುತ್ತದೆ; ಒಂದು ಮನೆ ಬಿಚ್ಚಿದರೆ ಇನ್ನೊಂದಕ್ಕೆ ಹೊದಿಸಬಹುದು.

ಬಾಳುವಾಗಿನ ಖಾತೆ ಇನ್ನೂ ಸ್ವಾರಸ್ಯಕರ. ಸಾಗರ, ಹೊಸನಗರ, ತೀರ್ಥಹಳ್ಳಿಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರ ನಡುಹಗಲಿನಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಸೆಖೆಯ ಆ ತಿಂಗಳಲ್ಲಿ ಮನೆಯೊಳಗೆ ಶಾಖ ಇಳಿಯುವುದು ಮುಖ್ಯವಾಗಿ ಮಾಡಿನ ಮೂಲಕ. ಆದ್ದರಿಂದ ಈ ಸೀಮೆಯಲ್ಲಿ ಮನೆಯನ್ನು ತಂಪಾಗಿಡುವ ಪ್ರಶ್ನೆ ಎಂದರೆ ಮೊದಲು ಮಾಡಿನ ಪ್ರಶ್ನೆ.

ಬರಿಯ ಹೆಂಚು ತೆಳುವಾದದ್ದು. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕೆಲಸ ಮಾಡುವುದು ಅದರ ಕೆಳಗಿನ ವ್ಯವಸ್ಥೆ. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲೆದ್ದು ಹೊರಹೋಗುತ್ತದೆ. ಇದು ಉಷ್ಣದ ಸಂವಹನ. ಮಾಡಿಗೂ ಕೋಣೆಗೂ ನಡುವಿನ ಅಟ್ಟ, ಅಲ್ಲಿ ಸಿಕ್ಕಿಕೊಂಡ ಗಾಳಿ, ಇವೆರಡೂ ಶಾಖವನ್ನು ಕೆಳಗಿಳಿಯಲು ಬಿಡುವುದಿಲ್ಲ. ಗಾಳಿ ಉಷ್ಣದ ಮಂದವಾಹಕ ಎಂಬ ಪಾಠ ನೆನಪಾಗಬೇಕಾದದ್ದು ಇಲ್ಲಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಮೆಲ್ಲಗೆ ಹೀರಿ ಇರುಳಿನಲ್ಲಿ ಮೆಲ್ಲಗೆ ಬಿಡುತ್ತದೆ. ಉದ್ದನೆಯ ಸೂರು ಗೋಡೆಯನ್ನು ಮಳೆಯಿಂದಲೂ ಬಿಸಿಲಿನಿಂದಲೂ ಕಾಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವ ತಾಲ್ಲೂಕಿನಲ್ಲಿ ಮಣ್ಣಿನ ಗೋಡೆ ನಿಂತದ್ದೇ ಸೂರಿನ ಬಲದಿಂದ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬಹುದು. ಕುವೆಂಪು ಅವರ ಮನೆ ಈಗ ಸ್ಮಾರಕವಾಗಿದೆ. ಮೂರು ಅಂತಸ್ತಿನ ಆ ತೊಟ್ಟಿಮನೆಯಲ್ಲಿ ನಡುವಿನ ತೆರೆದ ಅಂಗಳ, ಸುತ್ತಲಿನ ಜಗಲಿ, ಇಳಿಜಾರು ಮಾಡು ಒಂದಕ್ಕೊಂದು ಹೇಗೆ ನೆರವಾಗುತ್ತವೆ ಎಂಬುದು ಒಳಗೆ ಕಾಲಿಟ್ಟೊಡನೆ ತಿಳಿಯುತ್ತದೆ. ಅಂಗಳದ ಬಿಸಿಗಾಳಿ ಮೇಲೇರಿದಂತೆ ಜಗಲಿಯ ತಂಪು ಗಾಳಿ ಅದರ ಜಾಗಕ್ಕೆ ಬರುತ್ತದೆ. ಸಾಹಿತ್ಯದ ಯಾತ್ರೆಗೆ ಹೋದವರು ಭೌತಶಾಸ್ತ್ರದ ಪ್ರಯೋಗಾಲಯವನ್ನೂ ನೋಡಿ ಬಂದಂತಾಗುತ್ತದೆ.

ಜನ ತಾರಸಿಗೆ ಹೋದದ್ದೇಕೆ?

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಆ ಕೆಲಸಕ್ಕೆ ಆಳು ಸಿಗುವುದಿಲ್ಲ. ಮಂಗಗಳು ಹೆಂಚು ಒಡೆಯುತ್ತವೆ. ಮರ ದುಬಾರಿ, ಗೆದ್ದಲಿನ ಕಾಟ ಬೇರೆ. ಒಳಕೋಣೆಗಳಲ್ಲಿ ಹಗಲೂ ಕತ್ತಲು. ಅಡಿಗೆಮನೆಯ ಹೊಗೆಯಲ್ಲಿ ಕಣ್ಣು, ಶ್ವಾಸಕೋಶಗಳನ್ನು ಸವೆಸಿದವರು ಮನೆಯ ಹೆಂಗಸರು. ಇವೆಲ್ಲ ನ್ಯಾಯವಾದ ಕಾರಣಗಳೇ.

ಆದರೆ ಬಂದ ಪರಿಹಾರ ಬಯಲುಸೀಮೆಯ ನಕ್ಷೆ. ಮಲೆನಾಡಿನ ಮಳೆಗೆ ಚಪ್ಪಟೆ ತಾರಸಿ ಜಿನುಗತೊಡಗಿದಾಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುವುದು ವಾಡಿಕೆಯಾಯಿತು. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು, ಎರಡು ಪಾಲು ಇಂಗಾಲ! ಶೀಟು ಹೊದಿಸದ ಮನೆಯಲ್ಲಿ ಕಾಂಕ್ರೀಟು ಮಧ್ಯಾಹ್ನ ಹೀರಿದ ಶಾಖವನ್ನು ಸಂಜೆಯಿಂದ ಒಳಗೆ ಬಿಡುತ್ತದೆ. ಮಕ್ಕಳು ಓದಲು ಕೂರುವ ಹೊತ್ತಿಗೆ ಕೋಣೆ ಕುಲುಮೆಯಾಗಿರುತ್ತದೆ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ದೊಡ್ಡ ವಸತಿ ಕಟ್ಟಡಗಳಿಗಾಗಿ ರೂಪಿಸಿದ 'ಇಕೋ ನಿವಾಸ್ ಸಂಹಿತೆ' ಒಂದು ಮಿತಿ ಹಾಕಿದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಮೇಲ್ಛಾವಣಿಯ ಒಂದು ಚದರ ಮೀಟರಿನಿಂದ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ಕಾಂಕ್ರೀಟ್ ತಾರಸಿಯಲ್ಲಿ ದಾಟುವುದು ಇದರ ಎರಡು-ಮೂರು ಪಟ್ಟು. ಸಂಹಿತೆ ಸಣ್ಣ ಮನೆಗಳನ್ನು ಕಟ್ಟಿಹಾಕುವುದಿಲ್ಲ ನಿಜ, ಆದರೆ ಸೆಖೆ ಸಣ್ಣ ಮನೆ, ದೊಡ್ಡ ಮನೆ ಎಂದು ನೋಡುವುದಿಲ್ಲವಲ್ಲ!

ಹೊಸ ಮನೆಗೆ ಹಳೆಯ ಬುದ್ಧಿ

ಮನೆ ಕಟ್ಟಲು ಹೊರಟ ತಂದೆತಾಯಂದಿರು ಮೇಸ್ತ್ರಿಯೊಡನೆ ಮಾತನಾಡುವಾಗ ಈ ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಹೇಗಿದ್ದರೂ ಇಳಿಜಾರು ಮಾಡು ಬೇಕೇ ಬೇಕು. ಅದನ್ನು ಮೊದಲೇ ನಕ್ಷೆಯಲ್ಲಿ ಸೇರಿಸಿದರೆ ಕೆಳಗಿನ ತಾರಸಿಯನ್ನು ಪೂರ್ತಿ ಅಥವಾ ಭಾಗಶಃ ಕೈಬಿಡಬಹುದು. ಮರದ ಬದಲು ಕಬ್ಬಿಣದ ಪಕಾಸಿಯ ಮೇಲೂ ಹೆಂಚು ಕೂರುತ್ತದೆ. ಮಾಡಿನ ಕೆಳಗೆ ಒಳಮಾಳಿಗೆ ಇದ್ದರೆ ಅಟ್ಟದ ಕೆಲಸ ನಡೆಯುತ್ತದೆ, ಬೆಳಕಿಗೆ ಅಲ್ಲಲ್ಲಿ ಗಾಜಿನ ಹೆಂಚು ಸಾಕು. ಈಗಾಗಲೇ ತಾರಸಿ ಹಾಕಿಸಿದವರು ಅದರ ಮೇಲೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿದರೂ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಪಶ್ಚಿಮದ ಗೋಡೆಗೆ ದೊಡ್ಡ ಗಾಜಿನ ಕಿಟಕಿ ಇಡುವುದಕ್ಕಿಂತ ಜಗಲಿಯೋ ಮರದ ನೆರಳೋ ಇರುವುದು ಲೇಸು.

ಗೋಡೆಗೆ ಜಂಬಿಟ್ಟಿಗೆ ಈಗಲೂ ಒಳ್ಳೆಯ ಆಯ್ಕೆ. ಅದು ಸಿಗದ ಕಡೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳೆಸಿದ ಮಣ್ಣಿನ ಇಟ್ಟಿಗೆಯ ತಂತ್ರವಿದೆ. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಅಲ್ಲಿ ಆರಂಭವಾದ 'ಅಸ್ತ್ರ' ವಿಭಾಗದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಗೆ ತಂದರು. ಸುಡುವ ಕೆಲಸವಿಲ್ಲದ್ದರಿಂದ ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ.

ಬಚ್ಚಲು ಹಂಡೆಯ ಲೆಕ್ಕ

ಮಲೆನಾಡಿನ ಮನೆಯಲ್ಲಿ ಶಕ್ತಿ ಹೆಚ್ಚು ಕರಗುವ ಜಾಗ ಬಚ್ಚಲು. ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಬಹುದು. ಒಬ್ಬರ ಸ್ನಾನಕ್ಕೆ 15 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 15 × 4.2 × 20, ಅಂದರೆ 1,260 ಕಿಲೋಜೌಲ್ ಬೇಕು. ಒಂದು ಯೂನಿಟ್ ಎಂದರೆ 3,600 ಕಿಲೋಜೌಲ್. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42 ಯೂನಿಟ್.

ಇದೇ ನೀರನ್ನು ಸೌದೆಯಲ್ಲಿ ಕಾಯಿಸಿದರೆ? ಒಂದು ಕೆ.ಜಿ. ಒಣಸೌದೆಯಲ್ಲಿ ಸುಮಾರು 15,000 ಕಿಲೋಜೌಲ್ ಶಕ್ತಿಯಿದೆ. ತೆರೆದ ಒಲೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಹಂಡೆಗೆ ತಲುಪಿದರೆ ದಿನಕ್ಕೆ 3.4 ಕೆ.ಜಿ. ಸೌದೆ ಬೇಕು. ಒಲೆಯ ದಕ್ಷತೆ ಶೇಕಡಾ 30ಕ್ಕೆ ಏರಿದರೆ 1.1 ಕೆ.ಜಿ. ಸಾಕು. ವರ್ಷಕ್ಕೆ ಉಳಿಯುವ ಸೌದೆ 800 ಕೆ.ಜಿ.ಗೂ ಹೆಚ್ಚು! ಅಷ್ಟೂ ಬೆಟ್ಟದಲ್ಲಿ ಮರವಾಗಿಯೇ ಉಳಿಯುತ್ತದೆ.

'ಅಸ್ತ್ರ ಒಲೆ' ಎಂದು ಹೆಸರಾದ ಹೊಗೆರಹಿತ ಒಲೆ ಮಾಡಿದ್ದು ಇದನ್ನೇ. ಉರುವಲಿಗೆ ಮುಚ್ಚಿದ ಗೂಡು, ಅಳತೆಗೆ ತಕ್ಕ ಗಾಳಿಕಂಡಿ, ಬಿಸಿ ಹೊಗೆ ಸಾಲಾಗಿ ಮೂರು ಪಾತ್ರೆಗಳನ್ನು ಸವರಿಕೊಂಡು ಚಿಮಣಿ ಸೇರುವ ದಾರಿ. ಬಚ್ಚಲು ಒಲೆಗೂ ಸೂತ್ರ ಅದೇ: ಬೆಂಕಿ ಬಯಲಿಗೆ ಬೀಳಬಾರದು, ಹೊಗೆ ಹಂಡೆಯನ್ನು ಸುತ್ತಿ ಹೋಗಬೇಕು, ಸೌದೆ ಚೆನ್ನಾಗಿ ಒಣಗಿರಬೇಕು. ಹಸಿ ಸೌದೆಯಾದರೆ ಶಕ್ತಿಯ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಬಿಸಿಲಿರುವ ಎಂಟು ತಿಂಗಳು ಸೋಲಾರ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಒಲೆ ಎಂಬ ಜೋಡಿ ಈ ಸೀಮೆಗೆ ಹೇಳಿ ಮಾಡಿಸಿದಂತಿದೆ. ದನ ಸಾಕಿದವರಿಗೆ ಗೋಬರ್ ಗ್ಯಾಸ್ ಇದ್ದೇ ಇದೆ. ಪಕ್ಕದ ಶಿರಸಿ ತಾಲ್ಲೂಕು ಇದರಲ್ಲಿ ಪಡೆದ ಯಶಸ್ಸು ವಿಜ್ಞಾನಿಗಳ ಅಧ್ಯಯನಕ್ಕೂ ವಸ್ತುವಾಗಿದೆ.

ಸಣ್ಣ ಸಾಧನ, ದೊಡ್ಡ ಉಳಿತಾಯ

2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 60 ವಾಟ್‌ನ ಹಳೆಯ ಬುರುಡೆ ಬಲ್ಬಿನ ಬೆಳಕನ್ನು 9 ವಾಟ್‌ನ ಬಲ್ಬು ಕೊಡುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಮುಂದಿನ ಸರದಿ ಫ್ಯಾನಿನದು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆದರೆ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಸುಮಾರು 30 ವಾಟ್ ಸಾಕು. ದಿನಕ್ಕೆ ಹತ್ತು ತಾಸಿನಂತೆ 300 ದಿನ ತಿರುಗಿದರೆ ಒಂದೇ ಫ್ಯಾನಿನಲ್ಲಿ 135 ಯೂನಿಟ್ ಉಳಿತಾಯ. 2023ರ ಜನವರಿಯಿಂದ ಫ್ಯಾನುಗಳಿಗೂ ನಕ್ಷತ್ರಗಳ ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ಬಣ್ಣದ ಜೊತೆಗೆ ನಕ್ಷತ್ರಗಳನ್ನೂ ಎಣಿಸುವುದು ಜಾಣತನ.

ಮನೆಯೇ ಪ್ರಯೋಗಶಾಲೆ

ಬೇಸಿಗೆ ರಜೆಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ಒಂದೇ ಬಗೆಯ ಎರಡು ಥರ್ಮಾಮೀಟರುಗಳನ್ನು ಒಂದು ಹೆಂಚಿನ ಮನೆಯ ಅಟ್ಟದ ಕೆಳಗಿನ ಕೋಣೆಯಲ್ಲೂ ಒಂದು ತಾರಸಿ ಮನೆಯ ಕೋಣೆಯಲ್ಲೂ ನೆಲದಿಂದ ಒಂದೇ ಎತ್ತರದಲ್ಲಿ ತೂಗುಹಾಕಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡು ತಾಸಿಗೊಮ್ಮೆ ಉಷ್ಣತೆ ಬರೆದಿಟ್ಟು ನಕ್ಷೆ ಎಳೆಯಿರಿ. ಜೊತೆಗೆ ಒಂದು ತಿಂಗಳು ದಿನವೂ ಮೀಟರಿನ ಅಂಕಿಯನ್ನು ಟಿಪ್ಪಣಿ ಮಾಡಿ, 0.7ರಿಂದ ಗುಣಿಸಿ. ಮನೆಯ ಇಂಗಾಲದ ಲೆಕ್ಕ ಕಣ್ಣಮುಂದೆ ಬರುತ್ತದೆ. ಎಲ್ಲಿ ಉಳಿಸಬಹುದು ಎಂಬ ಚರ್ಚೆ ರಾತ್ರಿ ಊಟದ ಹೊತ್ತಿಗೆ ತಾನಾಗಿ ಆರಂಭವಾಗುತ್ತದೆ.

ಶರಾವತಿಯ ಹಿನ್ನೀರಿನಲ್ಲಿ ಬೇಸಿಗೆಯ ಕೊನೆಗೆ ನೀರು ಇಳಿದಾಗ ಕರಗಿದ ಮರದ ಬೊಡ್ಡೆಗಳು ಮೇಲೆ ಕಾಣಿಸುತ್ತವೆ. ಮುಳುಗಿದ್ದು ಮರಳಿ ಬರುವುದಿಲ್ಲ. ಆದರೆ ಉಳಿಸಿದ ಪ್ರತಿಯೊಂದು ಯೂನಿಟ್ಟೂ ಇನ್ನೊಂದು ಕಣಿವೆ ಮುಳುಗುವ, ಇನ್ನೊಂದು ಗುಡ್ಡದ ಕಲ್ಲಿದ್ದಲು ಉರಿಯುವ ಅಗತ್ಯವನ್ನು ಅಷ್ಟಷ್ಟೇ ಮುಂದೂಡುತ್ತದೆ. ಹೊಸ ಮನೆಗೆ ಪಾಯ ತೋಡುವ ಮುನ್ನ ಅಜ್ಜನ ಮನೆಯ ಮಾಡನ್ನು ಒಮ್ಮೆ ಕತ್ತೆತ್ತಿ ನೋಡಿದರೆ, ಎಂಜಿನಿಯರನ್ನು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.