ಚರ್ಮದಿಂದ ಮಿದುಳಿಗೆ

ಕೊಟ್ಟಿಗೆಯಲ್ಲಿ ಮೆಲುಕಾಡುತ್ತ ಮಲಗಿದ ಕೆಂದ ಹಸುವಿನ ಪಕ್ಕೆಯ ಮೇಲೆ ನೊಣ ಕೂತರೆ ಆ ಭಾಗದ ಚರ್ಮ ಸರಕ್ಕನೆ ಅದುರುತ್ತದೆ. ರೋಮದ ಹೊಳಪು ಒಮ್ಮೆ ಕದಡಿ ಮತ್ತೆ ಸಮನಾಗುತ್ತದೆ. ದವಡೆಯ ಲಯ ತಪ್ಪುವುದಿಲ್ಲ, ಅರೆಮುಚ್ಚಿದ ರೆಪ್ಪೆ ತೆರೆಯುವುದಿಲ್ಲ. ನೊಣ ಎದ್ದು ಗೇಣು ದೂರದಲ್ಲಿ ಕೂರುತ್ತದೆ. ಚರ್ಮ ಮತ್ತೆ ಅದುರುತ್ತದೆ. ಹೀಗೆ ಕೆಲವು ಸಲ ಆದಮೇಲೆ ದವಡೆ ನಿಲ್ಲುತ್ತದೆ, ಕಿವಿ ಹಿಂದಕ್ಕೆ ವಾಲುತ್ತದೆ, ಬಾಲ ಬೀಸಿ ಬರುತ್ತದೆ. ಅದುರುವಿಕೆಗೂ ಬಾಲದ ಬೀಸಿಗೂ ನಡುವಿನ ಆ ಬಿಡುವನ್ನು ನಾನು ಬಹಳ ಕಾಲ ನೋಡಿದ್ದೇನೆ. ಪಕ್ಕೆಯಿಂದ ಹೊರಟ ಸುದ್ದಿ ಬೆನ್ನುಹುರಿಯನ್ನು ಹೊಕ್ಕು, ಮುಂದಕ್ಕೆ ಸಾಗಿ, ಕೊರಳಿನ ಬುಡದ ಹತ್ತಿರದ ನರಕೋಶಗಳನ್ನು ಮುಟ್ಟುತ್ತದೆ. ಚರ್ಮದಡಿಯ ತೆಳು ಸ್ನಾಯುವಿಗೆ ಅಲ್ಲಿಂದಲೇ ಆಜ್ಞೆ ಹೊರಡುತ್ತದೆ. ಅದುರುವುದಕ್ಕೆ ಅಷ್ಟು ಸಾಕು, ಮಿದುಳು ಬೇಕಿಲ್ಲ. ದವಡೆ ನಿಂತಾಗ ಮಾತ್ರ ಸುದ್ದಿ ತಲೆ ಮುಟ್ಟಿತೆಂದು ನನಗೆ ಖಾತ್ರಿಯಾಗುತ್ತದೆ.

ದೇವಸ್ಥಾನದ ಪೌಳಿಯ ಮೇಲೆ ಕೂತ ಹೆಣ್ಣುಕೋತಿಯ ಬೆರಳುಗಳಲ್ಲಿ ಇಂಥ ಬಿಡುವು ಕಾಣಿಸುವುದೇ ಇಲ್ಲ. ಎಡಗೈಯಿಂದ ಸಂಗಾತಿಯ ಬೂದುಗಂದು ಕೂದಲನ್ನು ಸರಿಸಿ ಒತ್ತಿ ಹಿಡಿಯುತ್ತದೆ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಬುಡದ ತಿಳಿಬಣ್ಣದ ಚರ್ಮದಿಂದ ಹೊಟ್ಟಿನ ಚೂರೊಂದನ್ನು ಎತ್ತಿ, ನಡುವೆ ಹೊರಳಿಸಿ, ತುಟಿಗೆ ತರುತ್ತವೆ. ಹೊರಳಿಸುವಾಗ ಕಣ್ಣು ಎಷ್ಟೋ ಸಲ ಬೇರೆ ಕಡೆ ಇರುತ್ತದೆ. ಬೆರಳ ತುದಿಯ ಈ ನವಿರು ಸ್ಪರ್ಶವನ್ನು ಒಯ್ಯುವ ತಂತು ಬೆನ್ನುಹುರಿಯ ಹಿಂಬದಿಯ ಕಂಬದಲ್ಲಿ, ಬಂದ ಮಗ್ಗುಲಲ್ಲೇ, ಎಲ್ಲಿಯೂ ಕಡಿಯದೆ ಮಿದುಳಿನ ಬುಡದ ಮೆಡುಲ್ಲದವರೆಗೆ ಏರುತ್ತದೆ. ಅಲ್ಲಿ ಎರಡನೆಯ ಕೋಶ ಅದನ್ನು ಪಡೆದು, ಆಚೆ ಮಗ್ಗುಲಿಗೆ ದಾಟಿ, ಮಿದುಳಿನೊಳಗಿನ ಥಲಾಮಸ್‌ಗೆ ಒಯ್ಯುತ್ತದೆ. ಕಾಲಿನ ತಂತುಗಳು ಕಂಬದ ಒಳಬದಿಯ ಗ್ರಾಸಿಲ್ ಕಟ್ಟಿನಲ್ಲಿ, ಕೈಯವು ಹೊರಬದಿಯ ಕ್ಯೂನಿಯೇಟ್ ಕಟ್ಟಿನಲ್ಲಿ.

ಈ ಕ್ರಮ ಸಸ್ತನಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ, ಆದರೆ ಪಾಲು ಒಂದೇ ಅಲ್ಲ. ಅಮೆರಿಕದ ರಕೂನ್ ನೀರಿನೊಳಗೆ ಕೈಯಾಡಿಸಿ ಏಡಿ ಹುಡುಕುವ ಪ್ರಾಣಿ. 1960ರ ದಶಕದಲ್ಲಿ ವೆಲ್ಕರ್, ಜಾನ್ಸನ್ ಮತ್ತು ಸಂಗಡಿಗರು ಅದರ ಮೆಡುಲ್ಲದಲ್ಲಿ ಮುಂಗೈಗೆ ಸೇರಿದ ಕ್ಯೂನಿಯೇಟ್ ಭಾಗ ದೊಡ್ಡದಾಗಿ ಬೆಳೆದಿರುವುದನ್ನು, ಒಂದೊಂದು ಬೆರಳಿಗೂ ಬೇರೆ ಬೇರೆ ಎಡೆಯಿರುವುದನ್ನು ಗುರುತಿಸಿದರು. ಬಾಲದಿಂದ ಕೊಂಬೆ ಹಿಡಿಯುವ ಜೇಡಕೋತಿಯಲ್ಲಿ ಬಾಲಕ್ಕೂ ಅಂಥದೇ ದೊಡ್ಡ ಪಾಲಿದೆ. ಯಾವ ಅಂಗದಿಂದ ಲೋಕವನ್ನು ತಡವಿ ನೋಡುತ್ತದೆಯೋ ಆ ಅಂಗದ ದಾರಿ ದಪ್ಪ.

ಬಣ್ಣ ಹಾಕಿದ ಬೆನ್ನುಹುರಿಯ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದೂ ನನಗೆ ಕಾಡು ನೋಡಿದಷ್ಟೇ ನಿಧಾನದ ಕೆಲಸ. ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಮಾಸಲು ನೇರಳೆಯ ಬೂದುದ್ರವ್ಯ. ಸುತ್ತ, ತಂತುಗಳ ಹೊದಿಕೆಯಾದ ಮಯಲಿನ್ ಕುಡಿದ ಹಸಿರುಗೂಡಿದ ನೀಲಿ. ದಪ್ಪ ತಂತುಗಳ ಸುತ್ತ ನೀಲಿಯ ಉಂಗುರವೂ ದಪ್ಪ. ನೋವು, ಬಿಸಿ ತರುವ ಸಣ್ಣ ತಂತುಗಳ ಜಾಗದಲ್ಲಿ ಬಣ್ಣ ತಿಳಿಯಾಗುತ್ತದೆ.

ಬೆಕ್ಕಿಗೆ ಇನ್ನೊಂದು ದಾರಿಯಿದೆ. ಮಲಗಿದ ಪಟ್ಟೆಬೆಕ್ಕಿನ ಬೆನ್ನಿನ ಮೇಲೆ ಹುಲ್ಲಿನ ತೆನೆಯನ್ನು ಚರ್ಮಕ್ಕೆ ತಾಗಿಸದೆ, ರೋಮದ ತುದಿ ಮಾತ್ರ ಬಾಗುವಂತೆ ಸವರಿದರೂ ಕಿವಿ ಹೊರಳುತ್ತದೆ. ರೋಮದ ಅಲುಗಾಟವನ್ನು ಕತ್ತಿನ ಮೊದಲೆರಡು ಖಂಡಗಳಲ್ಲಿರುವ ಒಂದು ಕೋಶಗುಂಪಿಗೆ ಒಯ್ಯುವ ಈ ದಾರಿಯನ್ನು 1955ರಲ್ಲಿ ಮೊರಿನ್ ವರ್ಣಿಸಿದರು. ಬೆಕ್ಕು, ನಾಯಿ, ರಕೂನ್‌ಗಳಲ್ಲಿ ಆ ಗುಂಪು ಎದ್ದು ಕಾಣುತ್ತದೆ. ಮನುಷ್ಯರಲ್ಲಿ ಅದು ಚಿಕ್ಕದು, ಕೆಲವರಲ್ಲಿ ಕಾಣುವುದೇ ಇಲ್ಲ.

ನೋವಿನ ದಾರಿಯಲ್ಲಿ ಅಂತರ ಇನ್ನೂ ಹೆಚ್ಚು. ನಮ್ಮಲ್ಲಿ ಅದು ಬೆನ್ನುಹುರಿ ಹೊಕ್ಕ ಸ್ವಲ್ಪದರಲ್ಲೇ ಬಹುಪಾಲು ಆಚೆ ಮಗ್ಗುಲಿಗೆ ದಾಟಿ ಏರುತ್ತದೆ. ಅದನ್ನು ಒಂದು ಮಗ್ಗುಲಲ್ಲಿ ಕತ್ತರಿಸಿ ಇನ್ನೊಂದು ಮಗ್ಗುಲ ನೋವು ತಗ್ಗಿಸಿದ್ದನ್ನು ಸ್ಪಿಲ್ಲರ್ ಮತ್ತು ಮಾರ್ಟಿನ್ 1912ರಲ್ಲಿ ಪ್ರಕಟಿಸಿದರು. ಹಂದಿ, ನಾಯಿಗಳಲ್ಲಿ ನೋವು ಎರಡೂ ಮಗ್ಗುಲುಗಳಲ್ಲಿ ಹರಡಿಕೊಂಡು, ನಡುನಡುವೆ ಕೋಶದಿಂದ ಕೋಶಕ್ಕೆ ಕೈಬದಲಾಗುತ್ತ ಏರುತ್ತದೆ. ಹಾಗಾಗಿ ಅದನ್ನು ಅಳಿಸುವುದು ಕಷ್ಟ.

ಡಿಸ್ಕ್ ಜಾರಿ ಹಿಂಗಾಲು ಸೋತ ಡ್ಯಾಶ್‌ಹುಂಡ್ ಒಂದರ ಬೆರಳನ್ನು ಪಶುವೈದ್ಯರು ಚಿಮಟದಲ್ಲಿ ಒತ್ತಿದಾಗ ನಾನು ಪಕ್ಕದಲ್ಲಿದ್ದೆ. ಕಾಲು ಕೂಡಲೇ ಮಡಚಿಕೊಂಡಿತು. ವೈದ್ಯರು ಕಾಲನ್ನು ನೋಡಲಿಲ್ಲ, ಮುಖವನ್ನೇ ನೋಡುತ್ತಿದ್ದರು. ಕಾಲು ಮಡಚುವುದು ಬೆನ್ನುಹುರಿಯೊಂದರಿಂದಲೇ ಆಗಬಲ್ಲದು. ತುಸು ಹೊತ್ತಿಗೆ ನಾಯಿ ಕತ್ತು ಹೊರಳಿಸಿ, ಬೆರಳಿನತ್ತ ನೋಡಿ, ಸಣ್ಣಗೆ ಕುಂಯ್ಗುಟ್ಟಿತು. ಅವರ ಮುಖ ಅರಳಿತು. ಬೆನ್ನುಹುರಿ ಒತ್ತಿಹೋದಾಗ ಮೊದಲು ಸೋಲುವುದು ಕಾಲು ಎಲ್ಲಿದೆಯೆಂದು ತಿಳಿಸುವ ದಪ್ಪ ತಂತುಗಳು, ಆಮೇಲೆ ಚಲನೆ, ಕಟ್ಟಕಡೆಗೆ ಆಳದ ನೋವು. ಮರಳುವುದು ತಿರುಗಿದ ಕ್ರಮದಲ್ಲಿ. ವಾರಗಳ ಮೇಲೆ ಆ ನಾಯಿ ಅಂಗಳದಲ್ಲಿ ನಡೆದಾಡುತ್ತಿತ್ತು. ಆದರೆ ಅದರ ಹಿಂಪಾದವನ್ನು ಮಗುಚಿ ನೆಲಕ್ಕೆ ಇಟ್ಟರೆ ಹಾಗೇ ಬಿಟ್ಟಿರುತ್ತಿತ್ತು, ನೇರ ಮಾಡಿಕೊಳ್ಳಲು ಇನ್ನೂ ತಡವಾಗುತ್ತಿತ್ತು. ನಡೆದಲ್ಲೆಲ್ಲ ಉಗುರಿನ ಮೇಲ್ಬದಿ ಸಿಮೆಂಟಿಗೆ ಸವೆಯುತ್ತಿತ್ತು.